ರೊಟ್ಟಿ ಬಡಿಯುವ ಹೊತ್ತಿನ ಆಟ

ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಹೆಂಡತಿ ಒಂದು ಬೆಳಿಗ್ಗೆ ಗೋಡೆಯ ಮೇಲಿನ ಮದುವೆಯ ಫೋಟೊ ಇಳಿಸಿ, ಧೂಳು ಒರೆಸಿ, ಹಳೆಯ ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರೆ ಗಂಡನಾದವನು ಏನೆಂದು ತಿಳಿಯಬೇಕು? ಗುರುಪಾದ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತ.

"ಎಲ್ಲಿಗದು?"

"ಝೆರಾಕ್ಸ್ ಅಂಗಡಿಗಿ. ನಿಮ್ಮ ಆಧಾರ್ ಕಾರ್ಡೂ ತಗೊಂಡೀನಿ, ಸಂಜೀಕ ಕೊಡ್ತೀನಿ," ಎಂದಳು ಕಸ್ತೂರಿ. ಯಾಕೆ, ಏನು ಎಂಬ ಸುದ್ದಿಯೇ ಇಲ್ಲ. ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು ಅವಳು; ಗೊತ್ತಿರುವವರಿಗೆ ಗೊತ್ತಿರುವ ಲೆಕ್ಕವನ್ನು ಮತ್ತೆ ಬಿಡಿಸಿ ತೋರಿಸುವ ಅಭ್ಯಾಸ ಅವಳಿಗಿಲ್ಲ. ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

ಮದುವೆಯ ಫೋಟೊ, ಗಂಡನ ಆಧಾರ್ ಕಾರ್ಡು. ಇವೆರಡನ್ನೂ ಒಟ್ಟಿಗೆ ಕೇಳುವವರು ವಕೀಲರಲ್ಲದೆ ಇನ್ನಾರು? ಎರಡು ತಿಂಗಳಿಂದ ಅವಳ ನಡೆಯೇ ಬೇರೆಯಾಗಿತ್ತು. ಗುರುವಾರ ಬಂತೆಂದರೆ ಕಾಲೇಜಿಗೆ ರಜೆ ಹಾಕಿ ಎಲ್ಲಿಗೋ ಹೋಗುತ್ತಿದ್ದಳು. ಒಮ್ಮೆ ಮೊಣಕೈ ಒಳಗೆ ಹತ್ತಿಯಿಟ್ಟು ಪಟ್ಟಿ ಅಂಟಿಸಿದ್ದು ಕಂಡಿತ್ತು. ತಲೆನೋವು ಬಂದರೂ ಮಾತ್ರೆ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಸಂಶಯ ಅವನಿಗೆ ಬಂದದ್ದು ಬೆಣ್ಣೆಯ ಮೇಲೆ. ಕೊಲೆಸ್ಟರಾಲ್ ಎಂದು ಹೇಳಿ ವರ್ಷಗಟ್ಟಲೆ ಬೆರಳ ತುದಿಯಷ್ಟು ಬೆಣ್ಣೆ ಹಾಕುತ್ತಿದ್ದವಳು ಈಗ ಕೇಳದೆಯೇ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಇಡುತ್ತಿದ್ದಳು. ತಪ್ಪು ಮಾಡಿದವರು ಅಕ್ಕರೆ ತೋರಿಸುತ್ತಾರೆ ಎಂಬುದು ಗುರುಪಾದನ ತಿಳಿವಳಿಕೆ. ಬಾಯಿ ಬಿಟ್ಟು ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೇ ಅವನು ಹೆದರುತ್ತಿದ್ದ.

ಅವನ ಕೆಲಸ ಜನರ ಬಿಡುವನ್ನು ಹುಡುಕುವುದು. ಹುಬ್ಬಳ್ಳಿಯ ಹೊರಗೆ, ಮುಚ್ಚಿಹೋದ ಹತ್ತಿ ಗಿರಣಿಯ ಉದ್ದನೆಯ ಶೆಡ್ಡಿನಲ್ಲಿ ಅವನ ಕಂಪನಿ ಇತ್ತು. ಅಲ್ಲಿ ತಯಾರಾಗುವ ಯಂತ್ರಕ್ಕೆ ಹೆಸರೂ 'ಬಿಡುವು' ಎಂದೇ. ಗಾತ್ರದಲ್ಲಿ ಹುಣಸೆ ಬೀಜದಷ್ಟು. ಕಿವಿಯ ಹಿಂದೆ ಅಂಟಿಸಿಕೊಂಡರೆ ಆಯಿತು.

ಪಾತ್ರ ಹಾಕಿ ಆಡುವ ದೊಡ್ಡ ವಿಡಿಯೋ ಗೇಮುಗಳ ತಾಪತ್ರಯ ಆಡಿದವರಿಗೆಲ್ಲ ಗೊತ್ತು. ಅವು ನೂರು ತಾಸು ಬೇಡುತ್ತವೆ. ನೌಕರಿ, ಸಂಸಾರ, ಲೈಟ್ ಬಿಲ್ಲು, ಬೀಗರ ಮನೆಯ ಕಾರ್ಯ ಎಂದು ಓಡುವ ಮನುಷ್ಯ ನೂರು ತಾಸು ಎಲ್ಲಿಂದ ತರಬೇಕು? ಹರೆಯದಲ್ಲಿ ಇಂಥ ಆಟಗಳಿಗಾಗಿ ಪರೀಕ್ಷೆಯನ್ನೇ ತಪ್ಪಿಸಿಕೊಂಡಿದ್ದ ಗುರುಪಾದ, ನಲವತ್ತು ದಾಟಿದ ಮೇಲೆ ಮೂರು ಆಟ ಕೊಂಡು ಮೂರನ್ನೂ ಮೊದಲ ಊರಿನಲ್ಲೇ ಬಿಟ್ಟಿದ್ದ. ಆ ಹೊಟ್ಟೆಯುರಿಯಿಂದಲೇ 'ಬಿಡುವು' ಹುಟ್ಟಿತು ಎನ್ನಬಹುದು.

ಯಂತ್ರದ ತಿರುಳು ಸರಳ. ನಾವು ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಹಾಲು ಉಕ್ಕುವುದನ್ನು ಕಾಯುವಾಗ ಕೈಕಾಲು ನಡೆಸುವುದು ರೂಢಿ. ಗಮನ ಆಗ ಕೆಲಸವಿಲ್ಲದೆ ಕೂತಿರುತ್ತದೆ. ದಿನಾ ಹೋಗುವ ದಾರಿಯಲ್ಲಿ ಗಾಡಿ ಓಡಿಸಿ ಮನೆ ತಲುಪಿದವನಿಗೆ ದಾರಿಯ ನೆನಪೇ ಇರುವುದಿಲ್ಲ, ಹಾಗೆ. ರೂಢಿ ಚುಕ್ಕಾಣಿ ಹಿಡಿದ ಗಳಿಗೆಯನ್ನು ಯಂತ್ರ ಮಿದುಳಿನ ಸಂಜ್ಞೆಯಿಂದ ಗುರುತಿಸಿ, ಅಲ್ಲೊಂದು ತುಣುಕು ಆಟವನ್ನು ತೂರಿಸುತ್ತದೆ. ಕಣ್ಣೆದುರು ಏನೂ ಕುಣಿಯುವುದಿಲ್ಲ; ಹಗಲುಗನಸಿನಂತೆ ಬಂದು ಹೋಗುತ್ತದೆ. ಸಂಜೆಯ ಹೊತ್ತಿಗೆ ತುಣುಕುಗಳೆಲ್ಲ ಒಂದೇ ನೆನಪಾಗಿ ಕೂಡಿಕೊಳ್ಳುತ್ತವೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬಾಯಿ ತನ್ನ ಪಾಡಿಗೆ ರೂಢಿಯ ಮಾತು ಆಡುತ್ತದೆ.

ಆಟದ ಹೆಸರು 'ಏಳು ಕೋಟೆ'. ಅದರಲ್ಲಿ ಗುರುಪಾದ ಕೋಟೆಯಿಂದ ಕೋಟೆಗೆ ಸುದ್ದಿ ಒಯ್ಯುವ ಓಲೆಕಾರ. ದಾರಿಯಲ್ಲಿ ಸಿಕ್ಕವರ ಸುಖದುಃಖವನ್ನು ಕೊನೆಯವರೆಗೂ ಕೇಳಬೇಕು; ಅರ್ಧಕ್ಕೆ ಎದ್ದು ಹೋದರೆ ಮುಂದಿನ ಕೋಟೆಯ ಬಾಗಿಲು ತೆರೆಯುವುದಿಲ್ಲ. ಮೂರನೆಯ ಕೋಟೆಯ ಬಾವಿ ಕಾಯುವವನ ಎಮ್ಮೆಗೆ ಯಾವ ಕಾಲು ಕುಂಟು ಎಂದು ನಿದ್ದೆಯಲ್ಲಿ ಕೇಳಿದರೂ ಗುರುಪಾದ ಹೇಳುತ್ತಿದ್ದ.

ಆ ದಿನ ಆಫೀಸಿನಲ್ಲಿ ಅವನ ಸಹಾಯಕಿ ನಫೀಸಾ ಪರದೆಯ ಮುಂದೆ ಹುಬ್ಬು ಗಂಟಿಕ್ಕಿ ಕೂತಿದ್ದಳು. ಸವಣೂರಿನವಳು, ಯಂತ್ರವನ್ನು ಪರೀಕ್ಷಿಸುವ ತಂಡದ ಮುಖ್ಯಸ್ಥೆ.

"ಸರ್, ಇದು ನನಗ ಖರೇ ಅನಸವಲ್ದು. ಬೇರೆ ದೇಶದಾಗ ಸಿಗೂದಕ್ಕಿಂತ ನಮ್ಮ ಕಡೆ ಮೂರು ಪಟ್ಟು ಬಿಡುವು ಸಿಗಾಕತ್ತೈತಿ. ನಮ್ಮ ಮಂದಿ ಅಷ್ಟು ಖಾಲಿ ಕುಂತಿರ್ತಾರಂತೀರೇನು?"

"ಮೇಲಿನವರು ಖುಷಿಯಾಗ್ಯಾರಲ್ಲವಾ, ಬಿಡು."

"ಸಂಜೀ ಏಳರ ಸುತ್ತ ಎಲ್ಲಾಕಿಂತ ಹೆಚ್ಚು ಐತಿ ನೋಡ್ರಿ. ಆ ಹೊತ್ತಿನ್ಯಾಗ ಯಾರ ಮನ್ಯಾಗ ಬಿಡುವಿರ್ತದ? ಅಡಿಗಿ, ಮಾತು, ಮಕ್ಕಳ ಅಭ್ಯಾಸ..."

"ದಣಿದು ಬಂದಿರ್ತಾರ. ಸುಮ್ಮ ಕುಂತಿರ್ತಾರ," ಎಂದ ಗುರುಪಾದ. ನಫೀಸಾಳ ಅನುಮಾನ ಅವನಿಗೆ ಸ್ವಲ್ಪ ಚುಚ್ಚಿತು. ಬಿಡುವನ್ನು ಗುರುತಿಸುವ ಸೂತ್ರಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಅವನೇ ಬರೆದ ಸೂತ್ರ: ಮನುಷ್ಯ ಒಂದೇ ದನಿಯಲ್ಲಿ, ಒಂದೇ ಗತಿಯಲ್ಲಿ, ಮತ್ತೆ ಮತ್ತೆ ಒಂದೇ ಚಿಕ್ಕ ಉತ್ತರ ಕೊಡುತ್ತಿದ್ದರೆ ಅವನ ಬಾಯಿಯನ್ನು ರೂಢಿ ನಡೆಸುತ್ತಿದೆ, ಗಮನಕ್ಕೆ ಪುರಸೊತ್ತಿದೆ. ಅದಕ್ಕಾಗಿ ಕಂಪನಿ ಅವನಿಗೊಂದು ಶಾಲು, ಒಂದು ಫಲಕ ಕೊಟ್ಟಿತ್ತು.

ಸಂಜೆ ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಮನೆಗೆ ಬಂದ. ಮಗಳು ಬೆಳಗಾವಿಯ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ. ಕಸ್ತೂರಿ ರೊಟ್ಟಿ ಬಡಿಯಲು ಕೂತಳು. ಅವನು ಎಂದಿನಂತೆ ಅಡುಗೆಮನೆಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡ. ಮದುವೆಯಾದ ವರ್ಷದಿಂದಲೂ ಆ ಮನೆಯ ಪದ್ಧತಿ ಅದು: ಅವಳು ರೊಟ್ಟಿ ಬಡಿಯುತ್ತ ದಿನದ ಸುದ್ದಿಯನ್ನೆಲ್ಲ ಹೇಳುವುದು, ಇವನು ಹೂಂಗುಟ್ಟುವುದು. ಟಪಟಪ ಎಂದು ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಅವಳ ಮಾತು, ಮಾತು ನಿಂತ ಕಡೆ ಇವನ ಹೂಂ.

"ಇವತ್ತು ಸ್ಟಾಫ್ ರೂಮಿನ್ಯಾಗ ಏನಾತಂದ್ರ..." ಎಂದು ಅವಳು ಶುರುಮಾಡಿದಳು. "ಹೂಂ," ಎಂದ ಗುರುಪಾದ. ಈ ಸುದ್ದಿ ಮುಗಿಯಲಿ, ಆಮೇಲೆ ಫೋಟೊದ ವಿಷಯ ತೆಗೆಯುತ್ತೇನೆ ಎಂದುಕೊಂಡ.

ಐದನೆಯ ಕೋಟೆಯ ಮುದುಕಿ ಕಳೆದುಹೋದ ಮಗನ ಗುರುತು ಹೇಳಿದಳು. ಓಲೆಕಾರ ಹೊಳೆ ದಾಟಿದ. ಅಂಬಿಗನಿಗೆ ಕೊಟ್ಟ ಮಾತಿನಂತೆ ದೀಪ ಹಚ್ಚಿಟ್ಟ.

ನೋಡಿದರೆ ಬುಟ್ಟಿಯಲ್ಲಿ ರೊಟ್ಟಿ ಏರಿ ನಿಂತಿತ್ತು. ಕಸ್ತೂರಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಿಮ್ಮಂಥೋರು ಎಲ್ಲಾರಿಗೂ ಸಿಗಂಗಿಲ್ರಿ," ಎಂದಳು.

ಗುರುಪಾದನಿಗೆ ಹೊಳೆದದ್ದು ಒಂದೇ: ಬಿಟ್ಟು ಹೋಗುವವರು ಇಂಥ ಮಾತು ಆಡುತ್ತಾರೆ. ಸ್ಟಾಫ್ ರೂಮಿನ ಸುದ್ದಿಯ ಹೊರತು ಇವಳು ಏನೂ ಹೇಳಲಿಲ್ಲವಲ್ಲ, ಕಣ್ಣೀರು ಎಲ್ಲಿಂದ ಬಂತು? ಅವನಿಗೆ ಖಂಡಿತ ಗೊತ್ತಿತ್ತು, ಅವಳು ಏನೂ ಹೇಳಿರಲಿಲ್ಲ.

ಮರುದಿನ ತಡೆಯಲಾರದೆ ಗದಗಿನಲ್ಲಿರುವ ಕಸ್ತೂರಿಯ ತಮ್ಮ ಬಸಲಿಂಗನಿಗೆ ಫೋನ್ ಮಾಡಿದ. ಬಸಲಿಂಗನದು ಪ್ರಿಂಟಿಂಗ್ ಪ್ರೆಸ್ಸು. ಆರೋಗ್ಯ ನೆಟ್ಟಗಿಲ್ಲ, ಸಕ್ಕರೆ ಕಾಯಿಲೆ ಅಂತೇನೋ ಗುರುಪಾದನಿಗೆ ಅಷ್ಟಿಷ್ಟು ಗೊತ್ತಿತ್ತು. ಸುತ್ತಿ ಬಳಸಿ ವಿಷಯ ತೆಗೆಯಬೇಕೆಂದು "ನಿಮ್ಮಕ್ಕ ಯಾಕೋ..." ಎನ್ನುವಷ್ಟರಲ್ಲಿ ಆ ಕಡೆಯಿಂದ ಬಿಕ್ಕುವ ಸದ್ದು.

"ಮಾವಾರ, ನಿಮ್ಮ ಉಪಕಾರ ಈ ಜನ್ಮದಾಗ ತೀರಂಗಿಲ್ರಿ. ಅಕ್ಕ ಎಲ್ಲಾ ಹೇಳ್ಯಾಳ. ನೀವು ಒಂದ ಮಾತಿನ್ಯಾಗ..." ಗುರುಪಾದ "ಇರ್ಲಿ ಬಿಡಪಾ" ಎಂದು ಫೋನ್ ಇಟ್ಟ. ಏನು ಇರಲಿ, ಯಾಕೆ ಬಿಡಲಿ, ಒಂದೂ ತಿಳಿಯಲಿಲ್ಲ. ಅಕ್ಕ ತಮ್ಮ ಸೇರಿ ತನ್ನ ತಲೆಗೆ ಟೋಪಿ ಹಾಕುತ್ತಿದ್ದಾರೆ ಎಂಬ ಕೆಟ್ಟ ಯೋಚನೆ ಬಂದು ಹೋಯಿತು.

ಅದೇ ಮಧ್ಯಾಹ್ನ ನಫೀಸಾ ಅವನನ್ನು ಪರೀಕ್ಷೆಯ ಕೋಣೆಗೆ ಕರೆದಳು. ಮೊದಲು ತಾನೇ ಯಂತ್ರ ಅಂಟಿಸಿಕೊಂಡು, ಆಟ ಬಂದ್ ಮಾಡಿ, ಬರೀ ದೀಪ ನೋಡಿರಿ ಎಂದಳು. ಗಮನಕ್ಕೆ ಬಿಡುವಿದೆ ಎಂದು ಯಂತ್ರಕ್ಕೆ ಅನಿಸಿದಾಗ ಹಸಿರು ದೀಪ ಹತ್ತುತ್ತದೆ.

"ಈಗ ನನಗೊಂದು ಕಥಿ ಹೇಳ್ರಿ ಸರ್. ಯಾವ್ದರ ಹೇಳ್ರಿ."

ಗುರುಪಾದ ತನ್ನ ಸೋದರತ್ತೆ ಒಮ್ಮೆ ಬಸ್ಸಿನಲ್ಲಿ ಬೇರೆಯವರ ಗಂಟು ಎತ್ತಿಕೊಂಡು ಇಳಿದ ಕಥೆ ಹೇಳಿದ. ನಫೀಸಾ "ಹೂಂ... ಹೂಂ..." ಎಂದು ಕೇಳಿದಳು. ಶುರುವಾದ ಸ್ವಲ್ಪ ಹೊತ್ತಿಗೇ ಹಸಿರು ದೀಪ ಹತ್ತಿತು, ಕಥೆ ಮುಗಿಯುವವರೆಗೆ ಆರಲಿಲ್ಲ. ಆಮೇಲೆ ಅವಳು ಇಡೀ ಕಥೆಯನ್ನು ಗಂಟಿನಲ್ಲಿದ್ದ ಶೇಂಗಾ ಹೋಳಿಗೆಯ ಸಮೇತ ಒಪ್ಪಿಸಿದಳು.

"ನೋಡಿದ್ರ್ಯಾ? ನಾ ಪೂರಾ ಕೇಳಾಕತ್ತಿದ್ದೆ. ಮಷೀನು ನನ್ನ ಖಾಲಿ ಕುಂತಾಳ ಅಂತು. ನಮ್ಮಜ್ಜಿ ಕಥಿ ಹೇಳುವಾಗ ನಾವು ಹೂಂ ಅನ್ನದಿದ್ರ ಅಲ್ಲಿಗೇ ನಿಲ್ಲಿಸಿಬಿಡ್ತಿದ್ಲು. ಹೂಂ ಅನ್ನೂದಂದ್ರ ನಮ್ಮ ಕಡೆ ಕೇಳೂ ಪದ್ಧತಿ. ನೀವು ಸೂತ್ರ ಬರದಿದ್ದು ಎಲ್ಲಿ ಮಂದೀನ್ನ ನೋಡಿ?"

ಅವನು ಬರೆದದ್ದು ಹೊರದೇಶದಿಂದ ಬಂದ ದಾಖಲೆ ನೋಡಿ. ಅಲ್ಲಿಯವರು ಕಥೆ ಕೇಳುವಾಗ ಬಾಯಿ ಮುಚ್ಚಿ ಕೂರುತ್ತಾರೆ; ಮನಸ್ಸು ಬೇರೆಡೆ ಹೋದಾಗ ಮಾತ್ರ ಒಂದೇ ಸಮನೆ ತಲೆಯಾಡಿಸುತ್ತಾರೆ. ಹೂಂಗುಟ್ಟುತ್ತಲೇ ಬೆಳೆದ ಗುರುಪಾದನಿಗೆ ಈ ವ್ಯತ್ಯಾಸ ಹೊಳೆದೇ ಇರಲಿಲ್ಲ. "ಅಂದ್ರ ನಮ್ಮ ಮಂದಿ ಕಿವಿಗೊಟ್ಟು ಕೇಳೂ ಹೊತ್ತನ್ನ..." ಎಂದವನು ಅಲ್ಲಿಗೇ ನಿಂತ.

"ಅದ ಹೊತ್ತಿನ್ಯಾಗ ಆಟ ತುರಕತೈತ್ರಿ. ಆಟ ಬಂದ ಮ್ಯಾಲೆ ಕೇಳೂದು ಎಲ್ಲೀದು? ಬಾಯಿ ಹೂಂ ಅಂತಿರ್ತದ, ಅಷ್ಟ."

ಗುರುಪಾದ ಕಿವಿಯ ಹಿಂದೆ ಕೈ ಹಾಕಿ ಯಂತ್ರವನ್ನು ಕಿತ್ತು ಜೇಬಿಗೆ ಹಾಕಿದ. ಸಂಜೆ ಏಳರ ಹೊತ್ತು, ಟಪಟಪ ಸದ್ದು, ಬಿಟ್ಟು ಬಿಟ್ಟು ತನ್ನ ಹೂಂ. ಆ ಹೊತ್ತಿನಲ್ಲಿ ಅವನು ಎರಡು ಕೋಟೆ ಗೆದ್ದಿದ್ದ. ಅಲ್ಲಿ ಕಸ್ತೂರಿ ಏನೇನು ಹೇಳಿದ್ದಳೋ, ತಾನು ಯಾವುದಕ್ಕೆಲ್ಲ ಹೂಂ ಅಂದಿದ್ದೆನೋ, ದೇವರಿಗೇ ಗೊತ್ತು. ಇಷ್ಟು ದಿನ ಹೆಂಡತಿಯ ಮೇಲಿದ್ದ ಸಂಶಯವೆಲ್ಲ ತಿರುಗಿ ಅವನ ಮೇಲೇ ಬಂತು.

ಆ ಸಂಜೆ ಕಿವಿ ಖಾಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಆದರೆ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದ ಕಸ್ತೂರಿಗೆ ಹೆಚ್ಚು ಮಾತಿರಲಿಲ್ಲ. "ನಾಳೆ ಹನ್ನೊಂದಕ್ಕ, ಮರೀಬ್ಯಾಡ್ರಿ. ತಿಳಿ ನೀಲಿ ಅಂಗಿ ಹಾಕ್ಕೊಳ್ರಿ, ನಾಕು ಮಂದಿ ಮುಂದ ಕೂಡೂದೈತಿ," ಎಂದಳಷ್ಟೆ. ಎಲ್ಲಿಗೆ ಎಂದು ಕೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಹೋದಾಗ ತಿಳಿಯುತ್ತದೆ ಎಂದು ಹೇಡಿಯ ಹಾಗೆ ಸುಮ್ಮನಾದ.

ಮರುದಿನ ಆಟೋ ನಿಂತದ್ದು ದೊಡ್ಡ ಆಸ್ಪತ್ರೆಯ ಮುಂದೆ. ಎರಡನೆಯ ಮಹಡಿಯಲ್ಲಿ ಉದ್ದನೆಯ ಬೆಂಚು, ಎದುರಿಗೆ ಮುಚ್ಚಿದ ಬಾಗಿಲು, ಬಾಗಿಲ ಮೇಲೆ 'ಅಂಗಾಂಗ ಕಸಿ ಅನುಮತಿ ಸಮಿತಿ' ಎಂಬ ಬೋರ್ಡು. ಕಸ್ತೂರಿ ಟವೆಲು ಬಿಚ್ಚಿ ಮದುವೆಯ ಫೋಟೊ ತೊಡೆಯ ಮೇಲಿಟ್ಟುಕೊಂಡಳು. ಗಂಡಹೆಂಡತಿ ಎಂಬುದಕ್ಕೆ ಪುರಾವೆ ಬೇಕಂತೆ.

"ಕಸ್ತೂರಿ, ಇಲ್ಲಿಗ್ಯಾಕ ಬಂದೀವಿ?"

ಅವಳು ನಕ್ಕಳು. "ಈಗ ಅಂಜಿಕಿ ಬಂತೇನು?"

"ಹಂಗಲ್ಲ. ಖರೇನ ನನಗ ಗೊತ್ತಿಲ್ಲ."

ಅವಳ ನಗು ನಿಂತಿತು. ಗುರುಪಾದ ಜೇಬಿನಿಂದ ಹುಣಸೆ ಬೀಜದಂಥ ಯಂತ್ರ ತೆಗೆದು ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದ. ಅವನು ಆಟದ ಯಂತ್ರ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅದನ್ನು ಹಾಕಿಕೊಂಡೇ ತನ್ನೆದುರು ಕೂರುತ್ತಿದ್ದನೆಂದು ಗೊತ್ತಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು ಬಹಳ ಹೊತ್ತು ಫೋಟೊದ ಗಾಜನ್ನೇ ಒರೆಸುತ್ತ ಕೂತಳು.

"ಬಸಲಿಂಗನ ಎರಡೂ ಕಿಡ್ನಿ ಹೋಗ್ಯಾವ. ಕೆಳಗಿನ ಅಂತಸ್ತಿನ್ಯಾಗ ಡಯಾಲಿಸಿಸ್ ಮ್ಯಾಲೆ ಮಲಗ್ಯಾನ. ನನ್ನದೊಂದು ಕೊಡ್ಲೇನ್ರಿ ಅಂತ ನಿಮಗ ಕೇಳಿದೆ. ಎರಡು ಸಲ ಕೇಳಿದೆ. ಎರಡು ಸಲಾನೂ ಹೂಂ ಅಂದ್ರಿ." ಅವಳ ದನಿ ಸಣ್ಣಗಾಯಿತು. "ಸಿಟ್ಟಾಗ್ತಾರ, ಜಗಳಾ ತಗೀತಾರ ಅಂತ ನಾ ಎಷ್ಟು ದಿನಾ ಮಾತು ಹೊಂದಿಸ್ಕೊಂಡಿದ್ದೆ. ಹೂಂ ಅಂದ ಕೂಡ್ಲೇ ಬಚ್ಚಲಕ್ಕ ಹೋಗಿ ಅತ್ತೆ. ಎಂಥಾ ಮನಶ್ಯಾನ್ನ ಕಟಗೊಂಡೀನಿ ಅಂತ ಅತ್ತೆ."

ಗುರುಪಾದ ತಲೆ ತಗ್ಗಿಸಿದ.

"ಈ ಕಡೆ ತಿರುಗ್ರಿ," ಎಂದಳು. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿರುವಂತೆಯೇ ಅವನ ಎರಡೂ ಕಿವಿಯ ಹಿಂದೆ ಬೆರಳಾಡಿಸಿ ನೋಡಿದಳು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೇಳಿದಳು: "ಆವತ್ತು ಕಿವ್ಯಾಗ ಬಿದ್ದಿದ್ರ ಏನಂತಿದ್ರಿ?"

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಒಂದು ಸುಳ್ಳಿನಿಂದ ಅವನು ಮತ್ತೆ ಅವಳು ಮೆಚ್ಚಿ ಅತ್ತ ಆ 'ಎಂಥಾ ಮನುಷ್ಯ'ನಾಗಿಬಿಡಬಹುದಿತ್ತು.

"ಬ್ಯಾಡ ಅಂತಿದ್ದೆ," ಎಂದ.

ಅಷ್ಟರಲ್ಲಿ ಅವರ ಹೆಸರು ಕೂಗಿದರು. ಒಳಗೆ ಉದ್ದನೆಯ ಮೇಜಿನ ಹಿಂದೆ ನಾಲ್ವರು ಕೂತಿದ್ದರು. ನಡುವೆ ಇದ್ದ ಕನ್ನಡಕದ ಹೆಂಗಸು ಫೋಟೊ ನೋಡಿ, ಕಾಗದ ನೋಡಿ, ಕಸ್ತೂರಿಯನ್ನು ಕೇಳಿದರು: "ನಿಮ್ಮ ಯಜಮಾನರು ಎಲ್ಲಾ ತಿಳಿದುಕೊಂಡು ಒಪ್ಪಿದ್ದಾರಾ?"

ಗುರುಪಾದ ಒಪ್ಪಿದ್ದೇನೆ ಎನ್ನಲು ಬಾಯಿ ತೆರೆದ. ಕೆಳಗೊಬ್ಬ ಮಲಗಿದ್ದಾನೆ, ಈಗ ತಡಮಾಡಿದರೆ ಪಾಪ ಬರುತ್ತದೆ ಎಂದೇ ಅವನ ಮನಸ್ಸಿನಲ್ಲಿದ್ದದ್ದು. ಕಸ್ತೂರಿ ಅವನ ಮುಂಗೈಯನ್ನು ಗಟ್ಟಿಯಾಗಿ ಒತ್ತಿದಳು. "ನೀವು ಸುಮ್ಮನಿರ್ರಿ. ಹೂಂ ಅನಬ್ಯಾಡ್ರಿ." ಆಮೇಲೆ ಮೇಜಿನ ಕಡೆ ತಿರುಗಿ, "ಇಲ್ರಿ ಮೇಡಂ. ಇನ್ನೂ ಇವರನ್ನ ಕೇಳಿಲ್ರಿ ನಾನು," ಎಂದಳು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಿಯನ್ನು ಯಾರಾದರೂ ಹೆದರಿಸಿ ಒಪ್ಪಿಸಿದ್ದಾರೋ, ಹಣದ ವ್ಯವಹಾರ ಏನಾದರೂ ಇದೆಯೋ ಎಂದು ತಿರುತಿರುಗಿ ಪ್ರಶ್ನೆ ಕೇಳಿದರು. ಕೊನೆಗೆ ಮುಂದಿನ ವಾರದ ಸಭೆಗೆ ಬರಲು ಹೇಳಿದರು. ಅಲ್ಲಿಯವರೆಗೆ ಬಸಲಿಂಗ ಡಯಾಲಿಸಿಸ್ ಮೇಲೆಯೇ ಇರಬೇಕು. ಕಸ್ತೂರಿ ತಮ್ಮನಿಗೆ ತಿಳಿಸಲು ಒಬ್ಬಳೇ ಕೆಳಗಿನ ಮಹಡಿಗೆ ಇಳಿದು ಹೋದಳು. ನೀವು ಬರುವುದು ಬೇಡ ಎಂದಳು.

ಗುರುಪಾದ ನೇರ ಆಫೀಸಿಗೆ ಹೋಗಿ ಮೇಲಿನವರನ್ನು ಪರದೆಯ ಮೇಲೆ ಹಿಡಿದ. ಸೂತ್ರ ತಪ್ಪಾಗಿದೆ, ಇವತ್ತೇ ತೆಗೆಯಬೇಕು ಎಂದ. ಅವರು ಶಾಂತವಾಗಿ ಕೇಳಿಸಿಕೊಂಡು, "ಇದುವರೆಗೆ ಒಂದಾದರೂ ದೂರು ಬಂದಿದೆಯೇ?" ಎಂದರು. ಬಂದಿರಲಿಲ್ಲ. ಪರದೆ ಆರಿತು.

"ದೂರು ಕೊಡೋರು ಮನ್ಯಾಗ ರೊಟ್ಟಿ ಬಡಿಯಾಕತ್ಯಾರ್ರಿ ಸರ್," ಎಂದಳು ನಫೀಸಾ. "ಅವರಿಗೆ ಗಂಡಂದಿರು ಕೇಳಾಕತ್ಯಾರ ಅಂತನ ಐತಿ."

ಇಬ್ಬರೂ ಯಾರ ಅಪ್ಪಣೆಗೂ ಕಾಯದೆ ಕೂತು ಆ ಸೂತ್ರವನ್ನು ಎಲ್ಲ ಯಂತ್ರಗಳಿಂದಲೂ ಅಳಿಸಿದರು. ನೌಕರಿ ಹೋಗಬಹುದು ಎಂದು ಇಬ್ಬರಿಗೂ ಗೊತ್ತಿತ್ತು. ಶಾಲು, ಫಲಕ ವಾಪಸು ಕೇಳಿದರೆ ಕೊಟ್ಟರಾಯಿತು ಎಂದುಕೊಂಡು ಗುರುಪಾದ ಮನೆಗೆ ಹೊರಟ.

ಆ ಸಂಜೆ ಕಸ್ತೂರಿ ರೊಟ್ಟಿಗೆ ಕೂರಲಿಲ್ಲ. ಊಟದ ಮೇಜಿನ ಹತ್ತಿರ ಎರಡು ಕುರ್ಚಿಯನ್ನು ಎದುರುಬದುರು ಹಾಕಿದಳು. ಮತ್ತೊಮ್ಮೆ ಅವನ ಕಿವಿಯ ಹಿಂದೆ ಮುಟ್ಟಿ ನೋಡಿ, ಮೊದಲಿನಿಂದ ಹೇಳತೊಡಗಿದಳು. ಅವ್ವ ತೀರಿಕೊಂಡಾಗ ಬಸಲಿಂಗನಿಗೆ ಬರೀ ಮೂರು ವರ್ಷ, ತಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು, ಡಾಕ್ಟರು ಹೇಳಿದ್ದು, ಗುರುವಾರದ ತಪಾಸಣೆಗಳು. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ, ಹಿಂದಿನ ಬೆಂಚಿನ ಹುಡುಗನಿಗೆ ಕೇಳುವಂತೆ "ಏನಂದೆ, ಹೇಳ್ರಿ?" ಎನ್ನುವಳು. ಅವನು ಒಪ್ಪಿಸುವನು. ನಂಬಿಕೆಯಿಲ್ಲದ ಕಣ್ಣಿನಿಂದ ಅವಳು ಅವನ ತುಟಿಯನ್ನೇ ನೋಡುವಳು.

ಕೇಳುವುದು ಅಷ್ಟು ಕಷ್ಟದ ಕೆಲಸ ಎಂದು ಗುರುಪಾದ ಎಣಿಸಿರಲಿಲ್ಲ. ಯಂತ್ರವಿಲ್ಲದೆಯೂ ಮನಸ್ಸು ತಾನಾಗಿಯೇ ಆಟದ ಹೊಳೆಯ ದಂಡೆಗೆ ಓಡುತ್ತಿತ್ತು. "ಹೋದ್ರಿ ನೋಡ್ರಿ," ಎನ್ನುವಳು ಕಸ್ತೂರಿ. ಅವನು ಬೆವರು ಒರೆಸಿಕೊಂಡು ಹಿಂದಿರುಗುವನು. ಆಪರೇಷನ್ನಿನ ಅಪಾಯದ ಮಾತು ಬಂದಾಗ ಮಾತ್ರ ಮನಸ್ಸು ಎಲ್ಲಿಗೂ ಓಡಲಿಲ್ಲ. ಉಳಿದ ಒಂದು ಕಿಡ್ನಿಗೂ ಏನಾದರೂ ಆದರೆ? ಸಕ್ಕರೆ ಕಾಯಿಲೆ ನಿಮ್ಮ ಮನೆತನದ್ದೇ ಅಲ್ಲವೇ? ಮಗಳಿಗೆ ಹೇಳಿದ್ದೀಯಾ? ದನಿ ಏರಿತು. ಅವಳೂ ಏರಿಸಿದಳು. ನಿಮ್ಮ ತಮ್ಮನಾಗಿದ್ದರೆ ಎಂದಳು. ನನ್ನ ತಮ್ಮನಾಗಿದ್ದರೂ ನಿನ್ನನ್ನು ಕೊಯ್ಯಲು ಬಿಡುತ್ತಿರಲಿಲ್ಲ ಎಂದ. ಅವಳು ಹೆದರಿ, ಹೊಂದಿಸಿಕೊಂಡು, ಆಡದೇ ಉಳಿದಿದ್ದ ಜಗಳ ಅದು. ಎರಡು ತಿಂಗಳು ತಡವಾಗಿ ಬಂತು. ಇಬ್ಬರೂ ಅತ್ತರು.

ಆಮೇಲೆ ಕಸ್ತೂರಿ ಮುಖ ತೊಳೆದುಕೊಂಡು ಬಂದು ಮತ್ತೆ ಎದುರಿಗೆ ಕೂತಳು.

"ಈಗ ಕೇಳ್ತೀನಿ. ಬಸಲಿಂಗಗ ನನ್ನದೊಂದು ಕಿಡ್ನಿ ಕೊಡ್ಲೇನ್ರಿ?"

ಗುರುಪಾದ ಹೂಂ ಅನ್ನಲಿಲ್ಲ. ಪಕ್ಕದ ಮನೆಯವರ ಕುಕ್ಕರು ಕೂಗಿ, ನಿಂತು, ಮತ್ತೆ ಕೂಗಿತು. ಅವಳು ಅವಸರ ಮಾಡಲಿಲ್ಲ.

"ನನಗ ಅಂಜಿಕಿ ಬರ್ತೈತಿ," ಎಂದ ಕೊನೆಗೆ. "ನಿನಗೇನರ ಆದ್ರ ಅವನ ಮಾರಿ ನಾ ನೋಡಂಗಿಲ್ಲ, ಇದನ್ನ ಈಗ ಹೇಳ್ತೀನಿ. ಬ್ಯಾಡ ಅಂತನ ಅನಸ್ತೈತಿ." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಆದ್ರ ನೀ ಕೊಡದ ಇದ್ರ ನೀನಾಗಿ ಉಳಿಯಂಗಿಲ್ಲ. ಕೊಡು."

ಕಸ್ತೂರಿ ಅವನನ್ನು ದಿಟ್ಟಿಸಿ ನೋಡುತ್ತಲೇ ಇದ್ದಳು.

"ಆವತ್ತಿನ ಹೂಂ ಇದಕ್ಕಿಂತ ಭಾಳ ಚಂದಿತ್ತು," ಎಂದಳು. "ಇರ್ಲಿ. ಇದು ನಿಮ್ದು."